ಕಾಲರಿನಿಂದ ಕೆಟ್ಟ ಕತ್ತರಿ ಮಾಸ್ತರ

ಕತ್ತರಿ ಮಾಸ್ತರ ಕೊಡೆ ಪಕ್ಷಕ್ಕೆ ಬಿದ್ದಿದ್ದು ಒಂದು ಕಾಲರಿನ ದೆಸೆಯಿಂದ.

ತತ್ವ, ಸಿದ್ಧಾಂತ, ದೇಶದ ಚಿಂತೆ ಇಂಥ ದೊಡ್ಡ ಕಾಯಿಲೆ ಯಾವುದೂ ಅವನಿಗೆ ಇರಲಿಲ್ಲ. ಊಟ ಮುಗಿಸಿ, ಅಂಗಡಿಯ ಕಟಿಂಗ್ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು ಫೋನು ತಿರುವುತ್ತಿದ್ದಾಗ ಕೊಡೆ ಪಕ್ಷದ ನಾಯಕನ ಭಾಷಣವೊಂದು ಬಂತು. ಮಾಸ್ತರ ಭಾಷಣ ಕೇಳಲಿಲ್ಲ, ನಾಯಕನ ಕೋಟು ನೋಡಿದ. ನಾಯಕ ಕೈ ಬೀಸಿದರೂ, ಮುಷ್ಟಿ ಎತ್ತಿದರೂ, ಎದುರು ಪಕ್ಷದವರನ್ನು ಬೈಯುವಾಗ ಕತ್ತಿನ ನರ ಉಬ್ಬಿದರೂ ಆ ಕಾಲರು ಕತ್ತಿಗೆ ಅಂಟು ಹಚ್ಚಿದಂತೆ ಕೂತಿತ್ತು. ಎದೆಯ ಮೇಲೆ ಒಂದು ಸುಕ್ಕಿಲ್ಲ. ಅರ್ಧ ಆಯುಷ್ಯವನ್ನು ಕತ್ತರಿ ಹಿಡಿದೇ ಕಳೆದವನ ಹೊಟ್ಟೆಗೆ ಬೆಂಕಿ ಬಿತ್ತು. ಇಂಥಾ ಕಟಿಂಗ್ ಮಾಡಿದ ಮಹಾರಾಯ ಯಾರು? ಬೆನ್ನಿಗೆ ಬಟ್ಟೆ ಹೇಗೆ ಕೊಟ್ಟಿದ್ದಾನೆ? ಬೆನ್ನು ನೋಡೋಣ ಅಂತ ಮತ್ತೆ ಹಾಕಿದ. ನಾಯಕ ಬೆನ್ನು ತೋರಿಸಲಿಲ್ಲ. ಇನ್ನೊಂದು ಸಲ ಹಾಕಿದ.

ಈ ಫೋನು ಅನ್ನುವ ಪ್ರಾಣಿಗೆ ಒಂದು ಬುದ್ಧಿ ಉಂಟು, ಇನ್ನೊಂದು ಇಲ್ಲ. ನೀವು ಯಾವುದರ ಮುಂದೆ ಎಷ್ಟು ಹೊತ್ತು ನಿಂತಿರಿ ಅಂತ ಅದು ನೋಡಿಕೊಳ್ಳುತ್ತದೆ. ಯಾಕೆ ನಿಂತಿರಿ ಅಂತ ಕೇಳುವ ಸೌಜನ್ಯ ಅದರ ವಂಶದಲ್ಲೇ ಇಲ್ಲ. ಮಳೆಗೆ ಹೆದರಿ ಹೆಂಡದಂಗಡಿಯ ಸೂರಿನಡಿ ನಿಂತವನನ್ನು ಕೈಹಿಡಿದು ಒಳಗೆ ಕೂರಿಸಿ ಕುಡಿಸುವ ಪೈಕಿ ಅದು.

ಮರುದಿನ ಬೆಳಗ್ಗೆ ಮಾಸ್ತರ ಫೋನು ತೆರೆದರೆ ಕೊಡೆ ನಾಯಕನ ಭಾಷಣಗಳು ಸಾಲುಗಟ್ಟಿ ನಿಂತಿದ್ದವು. ಬೆನ್ನಿನ ಆಸೆಗೆ ಒಂದೊಂದನ್ನೂ ಕೊನೆಯವರೆಗೆ ನೋಡಿದ. ಬೆನ್ನು ಕಾಣಲಿಲ್ಲ. ಆದರೆ ಕಣ್ಣಿಗಿರುವ ಹಾಗೆ ಕಿವಿಗೆ ರೆಪ್ಪೆ ಇಲ್ಲವಲ್ಲ, ಮಾತು ಒಳಗೆ ನುಗ್ಗಿ ಸಂಸಾರ ಹೂಡಿತು. ತಿಂಗಳು ಕಳೆಯುವಷ್ಟರಲ್ಲಿ ಮಾಸ್ತರನಿಗೆ ಖಾತ್ರಿಯಾಯಿತು: ಊರಲ್ಲಿ ಒಳ್ಳೆಯದಾಗಿದ್ದರೆ ಅದು ಕೊಡೆಯವರದು, ಕೆಟ್ಟಿದ್ದರೆ ಅದು ಏಣಿ ಪಕ್ಷದವರದು, ಮತ್ತು ಜನ ಪೂರ್ತಿ ಕೊಡೆಯ ಕಡೆಗೇ ಇದ್ದಾರೆ. ಯಾಕೆಂದರೆ ಅವನ ಫೋನಿನಲ್ಲಿ ಬೇರೆ ಮಾತಾಡಿದ ಒಂದು ನರಪಿಳ್ಳೆಯೂ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಊರಲ್ಲಿ ಇನ್ನೊಬ್ಬ ತಲೆತಿರುಕ ಹೆಚ್ಚಿದ ಅಂತ ಸುಮ್ಮನಿರಬಹುದಿತ್ತು. ಆದರೆ ಅದೇ ಅಂಗಡಿಯಲ್ಲಿ, ಅದೇ ಫ್ಯಾನಿನ ಕೆಳಗೆ, ಮಾಸ್ತರನ ಹೆಂಡತಿಯ ಅಣ್ಣ ಕೂತಿದ್ದ. ಮಾಸ್ತರ ಅವನನ್ನು ಕರೆಯುತ್ತಿದ್ದದ್ದು ಭಾವ ಅಂತ, ಗಿರಾಕಿಗಳು ಕರೆಯುತ್ತಿದ್ದದ್ದೂ ಭಾವ ಅಂತಲೇ. ಮಾಸ್ತರ ಕತ್ತರಿಸಿದ್ದನ್ನು ಭಾವ ಹೊಲಿಯುತ್ತಿದ್ದ. ಭಾವ ಹೊಲಿದದ್ದಕ್ಕೆ ಮಾಸ್ತರನ ಹೆಂಡತಿ ಮನೆಯಲ್ಲಿ ಕಾಜ ತೆಗೆದು ಗುಂಡಿ ಹಾಕುತ್ತಿದ್ದಳು. ಮಾಸ್ತರನಿಗೆ ಹೊಲಿಯಲು ಬಾರದು, ಭಾವನಿಗೆ ಕತ್ತರಿಸಲು ಬಾರದು. ಅಂಗಡಿ ಇಷ್ಟು ವರ್ಷ ಒಡೆಯದೆ ಉಳಿದದ್ದೇ ಈ ದಡ್ಡತನದ ಪುಣ್ಯದಿಂದ.

ಭಾವನ ಫೋನಿಗೆ ಬಂದವನು ಏಣಿ ಪಕ್ಷದ ನಾಯಕ. ಆ ಮನುಷ್ಯನ ಕೋಟಿನ ಎಡತೋಳು ಹೆಗಲಿನ ಹತ್ತಿರ ಒಣಗಿದ ಹಾಗಲಕಾಯಿಯ ಹಾಗೆ ಸುಕ್ಕುಗಟ್ಟಿತ್ತು. "ಥೂ, ಇದೊಂದು ಹೊಲಿಗೆನಾ, ಇವನ ಕೈಗೆ ಹುಳ ಬೀಳ" ಅಂತ ಹಲ್ಲು ಕಡಿಯುತ್ತ ಭಾವ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಹುಣ್ಣನ್ನು ಕೆರೆದುಕೊಳ್ಳುವವನ ಹಾಗೆ ದಿನಾ ನೋಡಿದ. ಮೆಚ್ಚಿ ನೋಡುವುದಕ್ಕೂ ಉರಿದು ನೋಡುವುದಕ್ಕೂ ಫೋನಿಗೆ ವ್ಯತ್ಯಾಸ ತಿಳಿಯದು. ಏಣಿಯವನ ಕಟ್ಟಾ ಅಭಿಮಾನಿ ಸಿಕ್ಕಿದ ಅಂದುಕೊಂಡು ಭಾವನ ಮೇಲೆ ಏಣಿಯ ಸುದ್ದಿಯನ್ನು ಬಂಡಿಗಟ್ಟಲೆ ಸುರಿಯಿತು. ಭಾವನಿಗೂ ಖಾತ್ರಿಯಾಯಿತು: ಜನ ಪೂರ್ತಿ ಏಣಿಯ ಕಡೆಗೇ ಇದ್ದಾರೆ.

ಹೀಗೆ ರಾಜಕೀಯದ ಗಂಧವಿಲ್ಲದ ಇಬ್ಬರು, ಒಬ್ಬ ಕಾಲರು ಹಿಡಿದು, ಇನ್ನೊಬ್ಬ ತೋಳು ಹಿಡಿದು, ಎತ್ತು ಏರಿಗೆ ಕೋಣ ನೀರಿಗೆ ಅಂತ ಹೊರಟರು. ಅದು ಬಯಲಾದದ್ದು ಸೇತುವೆಯ ವಿಷಯದಲ್ಲಿ.

"ಭಾವ, ಕಾಲುವೆ ಸೇತುವೆ ಕೊನೆಗೂ ಮುಗೀತಲ್ಲ, ನೋಡಿದ್ಯಾ?" ಅಂದ ಮಾಸ್ತರ ಒಂದು ಬೆಳಗ್ಗೆ.

ಭಾವ ಸೂಜಿಗೆ ದಾರ ಪೋಣಿಸುತ್ತಿದ್ದ. "ಯಾವ ಸೇತುವೆ?"

"ಇನ್ಯಾವುದು, ನಮ್ಮ ಗಿರಣಿ ಹಿಂದಿಂದು. ಹಳದಿ ಬಣ್ಣ ಹೊಡೆದು ಮದುಮಗಳ ಥರ ಮಾಡಿಟ್ಟಿದ್ದಾರೆ."

"ಅದು ಬಿದ್ದೋಯ್ತಲ್ಲ ಮಾರಾಯ."

"ಬಿದ್ದೋಯ್ತಾ?"

"ಅರ್ಧ ಇದೆ, ಅರ್ಧ ನೀರಲ್ಲಿದೆ. ಕಂಬಿ ಎಲ್ಲ ಹೊರಗೆ ಬಂದು ಮೀನಿನ ಮುಳ್ಳಿನ ಹಾಗೆ ಕಾಣ್ತಿದೆ."

"ಯಾರು ಹೇಳಿದ್ದು ನಿಂಗೆ?"

"ಯಾರಾದ್ರೂ ಯಾಕೆ ಹೇಳ್ಬೇಕು? ಕಣ್ಣಾರೆ ನೋಡಿದ್ದೀನಿ."

"ನಾನೂ ಕಣ್ಣಾರೆ ನೋಡಿದ್ದೀನಿ."

ಇಬ್ಬರೂ ಫೋನು ತೆಗೆದು ಒಬ್ಬರ ಮೂಗಿಗೆ ಒಬ್ಬರು ಹಿಡಿದರು. ಒಂದರಲ್ಲಿ ಹಳದಿ ಕಟಕಟೆ ಬಿಸಿಲಿಗೆ ಮಿಂಚುತ್ತಿತ್ತು. ಇನ್ನೊಂದರಲ್ಲಿ ಕಂಬಿ ಕಿತ್ತು ನಿಂತಿತ್ತು. ಗಿರಣಿ ಎಷ್ಟು ದೂರ ಅಂತೀರಿ? ಅಂಗಡಿಯ ಬಾಗಿಲಲ್ಲಿ ನಿಂತು ಸೀನಿದರೆ ಅಲ್ಲಿಯವರು ತಿರುಗಿ ನೋಡುವಷ್ಟು. ಎದ್ದು ಹೋಗಿ ನೋಡಿ ಬರೋಣ ಅನ್ನುವ ಮಾತು ಇಬ್ಬರಲ್ಲಿ ಒಬ್ಬನ ಬಾಯಿಂದಲೂ ಬರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತ ಹಿರಿಯರು ಹೇಳಿದ್ದು ಫೋನು ಬರುವ ಮೊದಲು. ಈಗ ಅಂಗೈಯಲ್ಲಿ ಕನ್ನಡಿಯೇ ಕೂತಿದೆ, ಹುಣ್ಣು ನೋಡುವವರೇ ಇಲ್ಲ.

"ನಿನ್ನ ಫೋನು ಕೆಟ್ಟಿದೆ," ಅಂದ ಮಾಸ್ತರ.

"ನಿನ್ನ ತಲೆ ಕೆಟ್ಟಿದೆ," ಅಂದ ಭಾವ.

ನಮ್ಮ ಜನಕ್ಕೆ ಸಿಟ್ಟು ಸಣ್ಣದಾಗಿದ್ದಾಗ ಮರ್ಯಾದೆ ಕಡಿಮೆಯಾಗುತ್ತದೆ, ಸಿಟ್ಟು ನಿಜವಾದಾಗ ಮರ್ಯಾದೆ ಹೆಚ್ಚುತ್ತದೆ. ಮಧ್ಯಾಹ್ನದೊಳಗೆ ನೀನು ಹೋಗಿ ನೀವು ಬಂತು. ಸಂಜೆಗೆ ತಾವು ಬಂತು. ಆಗಲೇ ತಿಳಿಯಬೇಕಿತ್ತು, ಪರಿಸ್ಥಿತಿ ಕೈಮೀರಿದೆ ಅಂತ.

"ಸೇತುವೆ ಮುಗಿದಿಲ್ಲ ಅಂತಾದ್ರೆ," ಅಂದ ಮಾಸ್ತರ ಮೇಜು ಕುಟ್ಟಿ, "ನಾನು ಈ ಕತ್ತರಿ ಎತ್ಕೊಂಡು ಅಂಗಡಿ ಬಿಟ್ಟು ಹೋಗ್ತೀನಿ. ತಾವು ಸುಖವಾಗಿರಿ."

"ಸೇತುವೆ ಬಿದ್ದಿಲ್ಲ ಅಂತಾದ್ರೆ ನಾನು ಮಷೀನು ಹೊತ್ಕೊಂಡು ಹೋಗ್ತೀನಿ. ತಾವೂ ಸುಖವಾಗಿರಿ."

ಈ ಸುಖದ ಹಾರೈಕೆಯ ನಡುವೆ ಒಳಗೆ ಬಂದವನು ಬ್ಯಾಂಕಿನ ಕಾವಲುಗಾರ. ದುಡಿಮೆಯ ಕಾಲವೆಲ್ಲ ಬ್ಯಾಂಕು ಕೊಟ್ಟ ಯೂನಿಫಾರ್ಮಿನಲ್ಲೇ ಬೆವೆತವನು. ಶನಿವಾರ ಅವನಿಗೆ ನಿವೃತ್ತಿ, ಬೀಳ್ಕೊಡುಗೆ. ಆ ಒಂದು ದಿನ ತನ್ನದೇ ಅಳತೆಯ ಒಂದು ಕೋಟು ಹಾಕಿಕೊಳ್ಳಬೇಕು ಅಂತ ಆಸೆಪಟ್ಟು ಬಟ್ಟೆ ತಂದಿದ್ದ. ಕೈಯಲ್ಲಿ ಕೋವಿ ಇದ್ದರೂ ಜಗಳ ಕಂಡರೆ ನಡುಗುವ ಜೀವ.

"ಯಾರಿಗೆ ಕೊಡಬೇಕು ಬಟ್ಟೆ?" ಅಂದ.

"ನನಗೆ," ಅಂದರು ಇಬ್ಬರೂ.

"ಅಯ್ಯೋ, ಅದಕ್ಕೆ ಜಗಳ ಯಾಕೆ, ಮೊದಲಿನ ಹಾಗೆ ಅರ್ಧರ್ಧ ಮಾಡ್ಕೊಳ್ಳಿ."

ಪಾಪ, ಅವನು ಹೇಳಿದ್ದು ಕೆಲಸವನ್ನು. ಇವರು ಕತ್ತರಿ ಹಾಕಿದ್ದು ಬಟ್ಟೆಗೆ. ಕಾವಲುಗಾರ ಬಾಯಿ ಮುಚ್ಚುವಷ್ಟರಲ್ಲಿ ಕೋಟು ಹುಟ್ಟುವ ಮೊದಲೇ ಪಾಲಾಗಿತ್ತು. ಬಲಭಾಗ ಮಾಸ್ತರನಿಗೆ, ಎಡಭಾಗ ಭಾವನಿಗೆ. ಮಾಸ್ತರ ಸೀಮೆಸುಣ್ಣದಲ್ಲಿ ಅಂಗಡಿಯ ನಡುವೆ ಗೆರೆ ಎಳೆದ. ಫ್ಯಾನು ಗೆರೆಯ ಮೇಲೆ ಸರಿಯಾಗಿ ನಡುವಿಗೆ ಬಂದದ್ದರಿಂದ ಅದನ್ನು ಇಬ್ಬರಿಗೂ ಬೇಡ ಅಂತ ಆರಿಸಿದರು. ಮನೆಯಿಂದ ಅತ್ತೆಯ ಕಾಲದ ಕೈಮಷೀನು ತಂದು ಮಾಸ್ತರ ತಾನೇ ಹೊಲಿಯಲು ಕೂತ. ಬೇಲಿ ಕತ್ತರಿಸುವಂಥ ಒಂದು ಕತ್ತರಿ ತಂದು ಭಾವ ತಾನೇ ಕತ್ತರಿಸಿದ.

ಗುರುವಾರ ಟ್ರಯಲ್ಲಿಗೆ ಬಂದ ಕಾವಲುಗಾರನನ್ನು ಇಬ್ಬರೂ ಗೆರೆಯ ಮೇಲೆ ನಿಲ್ಲಿಸಿ, ಆಚೆಯಿಂದೊಬ್ಬ ಈಚೆಯಿಂದೊಬ್ಬ ತೊಡಿಸಿ, ಬೆನ್ನ ನಡುವೆ ಕೂಡಿಸಿ ಟಾಕು ಹಾಕಿದರು. ಬಲಭಾಗದ ಕಟಿಂಗ್ ದೇವರು ಮೆಚ್ಚುವ ಹಾಗಿತ್ತು, ಆದರೆ ತೋಳು ಉಲ್ಟಾ ಕೂತು ಕೈ ಆಕಾಶ ನೋಡುತ್ತಿತ್ತು, ಕೆಳಗೆ ಇಳಿಯಲೊಲ್ಲದು. ಎಡಭಾಗದ ಹೊಲಿಗೆ ಆನೆ ಎಳೆದರೂ ಬಿಚ್ಚುವಂತಿರಲಿಲ್ಲ, ಆದರೆ ಅದರೊಳಗೆ ಇನ್ನಿಬ್ಬರು ಕಾವಲುಗಾರರು ಬಾಡಿಗೆಗೆ ಇರಬಹುದಿತ್ತು.

"ಈ ಕಡೆ ನಾನು ಯಾರನ್ನೋ ಕರೀತಿದ್ದೀನಿ," ಅಂದ ಕಾವಲುಗಾರ ಕನ್ನಡಿ ನೋಡಿಕೊಂಡು. "ಆ ಕಡೆ ನಾನೇ ಇಲ್ಲ."

ಇಬ್ಬರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಕೋಟು ಬಡವಾಗಿತ್ತು. ಸರಿಯಾಗಿ ಆ ಹೊತ್ತಿಗೆ ಮಾಸ್ತರನ ಹೆಂಡತಿ ಬಂದಳು, ಮಣಿಕಟ್ಟಿಗೆ ಪಿನ್ನಿನ ದಿಂಬು ಕಟ್ಟಿಕೊಂಡು, ಕೋಟು ಕಾಜಕ್ಕೆ ಬಂತಾ ಅಂತ ನೋಡಲು. ಬಾಗಿಲಲ್ಲೇ ನಿಂತಳು. ಗೆರೆ ನೋಡಿದಳು, ಆರಿದ ಫ್ಯಾನು ನೋಡಿದಳು, ಕೈ ಎತ್ತಿ ನಿಂತ ಮನುಷ್ಯನನ್ನು ನೋಡಿದಳು.

"ರೀ, ಕಾಜ ಯಾವ ಪಕ್ಷಕ್ಕೆ ತೆಗೀಲಿ? ಅಣ್ಣ, ಗುಂಡಿ ಯಾವ ಪಕ್ಷಕ್ಕೆ ಹಾಕ್ಲಿ? ಎರಡೂ ಒಂದೇ ಕೋಟಿಗೆ ಬರೋ ಅಂದಾಜು ಇದ್ಯಾ, ಅಥವಾ ಅದಕ್ಕೂ ಚುನಾವಣೆ ಆಗ್ಬೇಕಾ?"

ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ಪಂದ್ಯದ ಕಥೆ ಹೊರಬಿತ್ತು. ಅವಳು ಪೂರ್ತಿ ಕೇಳಿದಳು.

"ಅಂದ್ರೆ ಸೇತುವೆ ಸುಳ್ಳಾದವರು ಅಂಗಡಿ ಬಿಡೋದು."

"ಹೂಂ."

"ಸೇತುವೆ ಎಲ್ಲಿದೆ?"

ಇಬ್ಬರೂ ಫೋನಿಗೆ ಕೈ ಹಾಕಿದರು.

"ಫೋನು ಜೇಬಲ್ಲಿ ಇಡಿ. ಕಾಲು ತೆಗೀರಿ."

ಆಗ ನೋಡಬೇಕಿತ್ತು ಇವರ ಕೆಲಸದ ಶ್ರದ್ಧೆ. ಮಾಸ್ತರನಿಗೆ ಇಸ್ತ್ರಿ ಪೆಟ್ಟಿಗೆ ಕಾದಿದೆ ಅಂತ ನೆನಪಾಯಿತು. ಭಾವನಿಗೆ ಮೊಣಕಾಲು ನೋವು ಬಂತು. ಸತ್ಯದ ಮೇಲೆ ಅಷ್ಟು ಭರವಸೆ ಇದ್ದವರು ಅದನ್ನು ಭೇಟಿಯಾಗಲು ಯಾಕೆ ಇಷ್ಟು ನಾಚುತ್ತಾರೋ ನಾನರಿಯೆ. ಅವಳು ಇಸ್ತ್ರಿ ಪೆಟ್ಟಿಗೆ ಆರಿಸಿದಳು, ಅಣ್ಣನ ಕೈಗೆ ಅಳತೆ ಕೋಲು ಕೊಟ್ಟು "ಊರ್ಕೊಂಡು ಬಾ" ಅಂದಳು, ಬಾಗಿಲೆಳೆದಳು.

ಮೆರವಣಿಗೆ ಹೊರಟಿತು. ಮುಂದೆ ಹೆಂಡತಿ, ಹಿಂದೆ ಕುತ್ತಿಗೆಗೆ ಟೇಪು ಹಾಕಿಕೊಂಡ ಮಾಸ್ತರ, ಅವನ ಹಿಂದೆ ಕೋಲೂರಿದ ಭಾವ, ಕೊನೆಯಲ್ಲಿ ಕೋಟು ಬಿಚ್ಚಲು ಬಾರದೆ ಬಲಗೈ ಎತ್ತಿಕೊಂಡೇ ಬಂದ ಕಾವಲುಗಾರ. ಕೈ ಎತ್ತಿ ನಡೆಯುವವನನ್ನು ಕಂಡ ಮೇಲೆ ಬೀದಿ ಸುಮ್ಮನಿರುತ್ತದೆಯೇ.

"ಯಾವ ಪಕ್ಷ ನಿಮ್ದು?" ಅಂತ ಚಹಾದಂಗಡಿಯವನು ಕೂಗಿದ.

"ಬ್ಯಾಂಕು," ಅಂದ ಕಾವಲುಗಾರ.

ಹೊಸ ಪಕ್ಷ ಇರಬೇಕು ಅಂತ ಒಂದಷ್ಟು ಜನ ಲೋಟ ಇಟ್ಟು ಹಿಂದೆ ಬಂದರು.

ಗಿರಣಿಯ ಹಿಂದೆ ಸೇತುವೆ ಇತ್ತು. ಈಚೆ ದಡದಿಂದ ಕಾಲುವೆಯ ನಡುವಿನವರೆಗೆ ಅದು ಮುಗಿದು, ಹಳದಿ ಬಳಿದುಕೊಂಡು, ನೋಡಲು ಮದುಮಗಳೇ ಆಗಿತ್ತು. ನಡುವಿನಿಂದಾಚೆ ಕಟ್ಟಿಯೇ ಇರಲಿಲ್ಲ. ಬೀಳಬೇಕಾದರೆ ಮೊದಲು ಇರಬೇಕಲ್ಲ. ತುದಿಯಲ್ಲಿ ಕಂಬಿಗಳು ಮೀನಿನ ಮುಳ್ಳಿನ ಹಾಗೆ ಚಾಚಿಕೊಂಡಿದ್ದವು. ಈಚೆ ಕಡೆ ಹಳದಿ ಕಟಕಟೆಗೆ ಒರಗಿ ಕೊಡೆ ಪಕ್ಷದ ನಾಯಕ ನಿಂತಿದ್ದ. ನಾಲ್ಕು ಹೆಜ್ಜೆ ಆಚೆ, ಅವನಿಗೆ ಬೆನ್ನು ಮಾಡಿ, ಕಂಬಿಗಳ ಕಡೆ ಕೈ ತೋರಿಸುತ್ತ ಏಣಿ ಪಕ್ಷದ ನಾಯಕ ನಿಂತಿದ್ದ. ಇಬ್ಬರಿಗೂ ಕ್ಯಾಮರಾದವನು ಒಬ್ಬನೇ.

"ಸರ್, ನೀವು ಸ್ವಲ್ಪ ಕೂತಿರಿ," ಅಂತ ಕ್ಯಾಮರಾದವನು ಏಣಿ ನಾಯಕನಿಗೆ ಹೇಳುತ್ತಿದ್ದ. "ಇವರದು ಅಭಿವೃದ್ಧಿ ಮುಗೀಲಿ, ಆಮೇಲೆ ನಿಮ್ದು ಅನ್ಯಾಯ ಹಿಡಿಯೋಣ."

"ಬೇಗ ಮಾಡಪ್ಪ, ಬಿಸಿಲು," ಅಂದ ಏಣಿ ನಾಯಕ. ಆಮೇಲೆ ಕೊಡೆ ನಾಯಕನ ಕಡೆ ತಿರುಗಿ, "ಅಣ್ಣ, ಬಾಚಣಿಗೆ ಕೊಡಿ ಒಂದು ನಿಮಿಷ."

ಕೊಡೆ ನಾಯಕ ಬಾಚಣಿಗೆ ಕೊಡಲು ತಿರುಗಿದ. ಆಗ ಮಾಸ್ತರನಿಗೆ ಇಷ್ಟು ದಿನ ಕಾಣದ ಬೆನ್ನು ಕಂಡಿತು.

ಬೆನ್ನಿನ ಮೇಲೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳಿದ್ದವು. ಕತ್ತಿನಿಂದ ಸೊಂಟದವರೆಗೆ ಕೋಟನ್ನು ಹಿಡಿ ಹಿಡಿಯಾಗಿ ಹಿಂದಕ್ಕೆಳೆದು ಸಿಕ್ಕಿಸಿದ್ದರು. ಆ ಕಾಲರು, ಆ ಸುಕ್ಕಿಲ್ಲದ ಎದೆ, ಮಾಸ್ತರನ ನಿದ್ದೆ ಕೆಡಿಸಿದ ಆ ಕಟಿಂಗ್, ಎಲ್ಲವೂ ಪ್ಲಾಸ್ಟಿಕ್ಕು.

ಸೇತುವೆ ಅರ್ಧವೇ ಇದ್ದದ್ದನ್ನು ಮಾಸ್ತರ ಕ್ಷಮಿಸುತ್ತಿದ್ದನೇನೋ. ಇದನ್ನು ಕ್ಷಮಿಸಲಾರದಾದ. ನುಗ್ಗಿ ಹೋಗಿ ನಾಯಕನ ಬೆನ್ನಿನಿಂದ ಒಂದು ಕ್ಲಿಪ್ಪು ಕಿತ್ತ. ಹೆಗಲು ಕುಸಿಯಿತು. ಇನ್ನೊಂದು ಕಿತ್ತ. ಎದೆ ಜೋಲಿತು. ನೋಡನೋಡುತ್ತ ಒಬ್ಬ ಮಹಾನಾಯಕ ಗೂಟಕ್ಕೆ ನೇತುಹಾಕಿದ ಚೀಲವಾದ.

"ಯಾರಯ್ಯ ನೀನು? ನಮ್ಮವನಾ, ಅವರವನಾ?" ಅಂದ ನಾಯಕ ಬೆದರಿ.

"ನಾನು ಕಟಿಂಗಿನವನು. ಬಿಚ್ಚಿ ಇದನ್ನ."

ಅತ್ತ ಭಾವ ಕೋಲು ಬಿಸಾಕಿ ಏಣಿ ನಾಯಕನ ಎಡಹೆಗಲು ಹಿಡಿದಾಗಿತ್ತು. "ಈ ತೋಳು ಕೂರಿಸಿದೋನು ಯಾರು? ಹೆಸರು ಹೇಳಿ. ದಿನಾ ಊಟ ಸೇರ್ತಿಲ್ಲ ನಂಗೆ."

"ನೋಡಿ, ಸಮಸ್ಯೆ ಏನಿದ್ರೂ ಕೂತು ಮಾತಾಡೋಣ," ಅಂದ ಏಣಿ ನಾಯಕ.

"ಮಾತು ಬೇಡ. ಕೋಟು ಕೊಡಿ."

ಹಿಂದೆ ಬಂದಿದ್ದ ಜನ ಗದ್ದಲ ಮಾಡತೊಡಗಿದರು. ಅಷ್ಟರಲ್ಲಿ ಕೈ ಎತ್ತಿದ ಕಾವಲುಗಾರ ಮುಂದೆ ಬಂದ. ಯಾರೋ ದೊಡ್ಡವರು ಸುಮ್ಮನಿರಿ ಅನ್ನುತ್ತಿದ್ದಾರೆ ಅಂದುಕೊಂಡು ಎಲ್ಲರೂ ಗಪ್‌ಚಿಪ್ಪಾದರು. ಆ ಮೌನದಲ್ಲಿ ಎರಡು ಪಕ್ಷದ ನಾಯಕರು ಬನಿಯನ್ನಿನಲ್ಲಿ ಅಕ್ಕಪಕ್ಕ ನಿಂತರು. ಕೋಟುಗಳು ಹಳದಿ ಕಟಕಟೆಯ ಮೇಲೆ ಮಲಗಿದವು. ಮಾಸ್ತರ ಜೇಬಿನಿಂದ ಸೀಮೆಸುಣ್ಣ ತೆಗೆದ.

"ಭಾವ, ಬ್ಲೇಡ್ ಕೊಡು."

"ತಗೋ. ಕಣ್ಣು ಬಿಟ್ಟು ಗುರುತು ಹಾಕು, ಮೊನ್ನೆ ಹಾಗೆ ತೋಳನ್ನ ತಲೆ ಮೇಲೆ ಹಾಕ್ಬೇಡ."

"ನೀನು ಹೊಲೀ ಸುಮ್ನೆ. ಕತ್ತರಿಸೋಕೆ ಬಂದೋನು ಮೊನ್ನೆ ಕೋಟು ಮಾಡ್ಲಿಲ್ಲ, ಗುಡಾರ ಮಾಡ್ದೆ."

ಬೈಗುಳ ಕೇಳಿ ಹೆಂಡತಿಗೆ ಹೋದ ಉಸಿರು ಬಂತು. ಮಣಿಕಟ್ಟಿನಿಂದ ಪಿನ್ನು ಕೊಟ್ಟಳು. ಒಬ್ಬ ಗುರುತು ಹಾಕಿದ, ಒಬ್ಬ ಹೊಲಿಗೆ ಬಿಚ್ಚಿದ, ಕೂರಿಸಿದ, ಟಾಕು ಹಾಕಿದ. ಕ್ಯಾಮರಾದವನು ಅಭಿವೃದ್ಧಿ, ಅನ್ಯಾಯ ಎರಡನ್ನೂ ಬಿಟ್ಟು ಇದನ್ನೇ ಹಿಡಿದ.

ಕೋಟುಗಳನ್ನು ವಾಪಸು ತೊಡಿಸಿದ ಮೇಲೆ ಹೆಂಡತಿ ಸೇತುವೆಯನ್ನು ಒಂದು ಸಲ ಉದ್ದಕ್ಕೂ ನೋಡಿದಳು. ಉದ್ದ ಅಂದರೆ ಇದ್ದಷ್ಟು.

"ರೀ, ನಿಮ್ಮ ಸೇತುವೆ ಮುಗಿದಿಲ್ಲ. ಅಣ್ಣ, ನಿನ್ನ ಸೇತುವೆ ಬಿದ್ದಿಲ್ಲ. ಪಂದ್ಯದಲ್ಲಿ ಇಬ್ಬರೂ ಸೋತ್ರಿ."

"ಹಾಗಂದ್ರೆ ಪಂದ್ಯ ವಜಾ," ಅಂದ ಮಾಸ್ತರ ನಗುತ್ತ.

"ವಜಾ ಹೇಗಾಗುತ್ತೆ? ಸೋತವರು ಅಂಗಡಿ ಬಿಡೋದು ಅಂದಿದ್ದೀರಿ. ಇಬ್ಬರೂ ಬಿಡಿ. ಬೀಗದ ಕೈ ನನ್ನ ಹತ್ರ ಇದೆ."

ತಮಾಷೆ ಅಂದುಕೊಂಡರು. ಸಂಜೆಗೆ ಅಂಗಡಿಯ ಮೆಟ್ಟಿಲ ಮೇಲೆ, ಅವಳು ಹೊರಗಿಟ್ಟ ಕತ್ತರಿ ತೊಡೆಯ ಮೇಲಿಟ್ಟುಕೊಂಡು ಒಬ್ಬ, ಬಾಬಿನ್ ಡಬ್ಬಿ ಹಿಡಿದುಕೊಂಡು ಒಬ್ಬ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತಾಗ ತಮಾಷೆಯಲ್ಲ ಅಂತ ತಿಳಿಯಿತು. ಆಗ ಇಬ್ಬರ ಫೋನೂ ಒಟ್ಟಿಗೆ ಗುಂಯ್ ಅಂದವು. ಮಾಸ್ತರನ ಫೋನಿನಲ್ಲಿ, "ಏಣಿ ನಾಯಕನ ಕೋಟು ಬಿಚ್ಚಿಸಿದ ಆಕ್ರೋಶಭರಿತ ಜನತೆ." ಭಾವನ ಫೋನಿನಲ್ಲಿ, "ಕೊಡೆ ನಾಯಕನ ಕೋಟು ಕಿತ್ತುಕೊಂಡ ಆಕ್ರೋಶಭರಿತ ಜನತೆ." ಒಂದರಲ್ಲಿ ಒಬ್ಬ ನಾಯಕನನ್ನು ಚಿತ್ರದಿಂದಲೇ ಕತ್ತರಿಸಿ ತೆಗೆದಿದ್ದರು, ಇನ್ನೊಂದರಲ್ಲಿ ಇನ್ನೊಬ್ಬನನ್ನು.

"ಈ ಆಕ್ರೋಶಭರಿತ ಜನತೆ ಯಾರೋ?" ಅಂದ ಭಾವ.

ಮಾಸ್ತರ ಬಗ್ಗಿ ನೋಡಿದ. "ನೀನು. ನಂದರಲ್ಲಿ ನೋಡು, ನಿನ್ನ ಬೋಳು ತಲೆ."

"ಕಟಿಂಗ್ ಚೆನ್ನಾಗಿ ಮಾಡಿದ್ದಾರೆ."

"ಹೊಲಿಗೆ ಒಂಚೂರೂ ಕಾಣಲ್ಲ."

ಇಬ್ಬರೂ ನಕ್ಕ ರಭಸಕ್ಕೆ ಬಾಬಿನ್ ಡಬ್ಬಿ ಉರುಳಿ ಬೀದಿಯೆಲ್ಲ ದಾರವಾಯಿತು. ಚಹಾದಂಗಡಿಯವನು ಇಬ್ಬರಿಗೂ ಬುದ್ಧಿಭ್ರಮಣೆ ಅಂತ ಊರಿಗೆಲ್ಲ ಹೇಳಿದ. ಅವನ ಸುದ್ದಿ ಒಂದು ಪೂರ್ತಿ ನಿಜವಾದದ್ದು ಅದೇ ಮೊದಲು.

ಬೆಳಗ್ಗೆ ಅವಳು ಬಾಗಿಲು ತೆರೆದಾಗ ಇಬ್ಬರೂ ತಲೆ ಬಾಚಿಕೊಂಡು ನಿಂತಿದ್ದರು.

"ಏನು ಬೇಕಿತ್ತು?"

"ಕೆಲಸ," ಅಂದ ಮಾಸ್ತರ.

"ಏನು ಬರುತ್ತೆ?"

"ಕಟಿಂಗ್."

"ಹೊಲಿಗೆ?"

ಮಾಸ್ತರ ನೆಲ ನೋಡಿದ. "ಬರಲ್ಲ."

"ನಿಮಗೆ?"

"ಹೊಲಿಗೆ ಬರುತ್ತಮ್ಮ. ಕಟಿಂಗ್ ಬರಲ್ಲ," ಅಂದ ಭಾವ ತಂಗಿಗೆ.

"ಫೋನು ಊಟದ ಹೊತ್ತಲ್ಲಿ ಮಾತ್ರ. ಅದೂ ನಿಮ್ದು ಅಣ್ಣನ ಕೈಲಿ, ಅಣ್ಣಂದು ನಿಮ್ಮ ಕೈಲಿ. ಒಪ್ಪಿಗೆ ಇದ್ರೆ ಒಳಗೆ ಬನ್ನಿ, ಮೊದಲು ಆ ಗೆರೆ ಒರೆಸಿ."

ಒರೆಸಿದರು. ಕಾವಲುಗಾರನ ಎರಡು ಪಾಲು ಬಟ್ಟೆಯಿಂದ ಕೋಟು ಮಾಡಲು ಬ್ರಹ್ಮನಿಂದಲೂ ಆಗುತ್ತಿರಲಿಲ್ಲ. ತೋಳು ಕಿತ್ತು ಹಾಕಿ ಒಂದು ವೇಸ್ಟ್‌ಕೋಟು ಮಾಡಿದರು. ಶನಿವಾರ ಬೀಳ್ಕೊಡುಗೆಯಲ್ಲಿ ಅವನು ಅದನ್ನು ತೊಟ್ಟು ಎರಡೂ ಕೈ ಮೇಲೆತ್ತಿ, ಎರಡೂ ಕೈ ಇಳಿಸಿ, ಎಲ್ಲರಿಗೂ ತೋರಿಸಿದನಂತೆ. ಅವನು ಭಾವುಕನಾಗಿದ್ದಾನೆ ಅಂದುಕೊಂಡು ಮ್ಯಾನೇಜರು ಕಣ್ಣೊರೆಸಿಕೊಂಡರಂತೆ.

ಫೋನುಗಳ ಪಾಡು ಹೇಳುವ ಹಾಗಿಲ್ಲ. ಏಣಿಯ ಸುದ್ದಿಯನ್ನು ಮಾಸ್ತರ ರಾಗವಾಗಿ ಓದುತ್ತಾನೆ, ಕೊಡೆಯ ಸುದ್ದಿಯನ್ನು ಭಾವ ಓದುತ್ತಾನೆ, ಅನ್ನದ ತುತ್ತು ನೆತ್ತಿಗೇರುವ ಹಾಗೆ ಇಬ್ಬರೂ ನಗುತ್ತಾರೆ. ಎರಡು ಫೋನಿಗೂ ಇವರು ಯಾರ ಕಡೆ ಅಂತ ದಿಕ್ಕು ತಿಳಿಯದೆ ಈಗೀಗ ಏನೇನೋ ತೋರಿಸುತ್ತಿವೆ.

ಚುನಾವಣೆಗೆ ಮುಂಚೆ ಒಂದು ದಿನ ಕೊಡೆ ನಾಯಕ ಖುದ್ದಾಗಿ ಅಂಗಡಿಗೆ ಬಂದ. ಬೆಂಚಿನ ಮೇಲೆ ಏಣಿ ನಾಯಕ ಆಗ ತಾನೆ ಅಳತೆ ಕೊಟ್ಟು ಕೂತಿದ್ದ. ಸೇತುವೆಯ ಮೇಲೆ ತಿದ್ದಿದ ಆ ಕೋಟುಗಳು ಇಬ್ಬರಿಗೂ ಹಿಡಿಸಿದ್ದವು. ಹೊಸದೊಂದು ಬೇಕಿತ್ತು, ಈ ಸಲ ಕ್ಲಿಪ್ಪಿಲ್ಲದ್ದು. ಮಾಸ್ತರನ ಹೆಂಡತಿ ಅಳತೆ ಬರೆದುಕೊಳ್ಳಲು ಪೆನ್ಸಿಲು ಹಿಡಿದಳು. ಮಾಸ್ತರ ಟೇಪು ತೆಗೆದು ನಾಯಕನ ಹೊಟ್ಟೆಗೆ ಸುತ್ತಿದ. ನಾಯಕ ಎದೆ ಉಬ್ಬಿಸಿ, ಹೊಟ್ಟೆಯನ್ನು ಬೆನ್ನಿಗಂಟುವಂತೆ ಒಳಗೆಳೆದುಕೊಂಡು, ಮಾಸ್ತರನ ಕಿವಿಯಲ್ಲಿ ಕೇಳಿದ.

"ನೀವು ಮೊದಲಿಂದಲೂ ನಮ್ಮವರು ಅಂತ ಕೇಳಿದ್ದೆ. ನಿಮ್ಮ ಓಟು ನಮಗೇ ತಾನೆ?"

"ಮೊದಲು ಉಸಿರು ಬಿಡಿ ಸರ್," ಅಂದ ಮಾಸ್ತರ. "ಹೀಗೆ ಹಿಡ್ಕೊಂಡ್ರೆ ಅಳತೆ ಸುಳ್ಳು ಬರುತ್ತೆ."

ನಾಯಕ ಉಸಿರು ಬಿಟ್ಟ. ಟೇಪು ಸಾಲಲಿಲ್ಲ.